ಎರಡನೇ ತೋಟಾ

ಬೆಳಿಗ್ಗೆ ಶಟರ್ ಎತ್ತಿದ ನಾಗಾರ್ಜುನನಿಗೆ ಮೊದಲು ಕಂಡದ್ದು ಬೂಟುಗಳು.

ಶಿವಪ್ರಕಾಶ್ ಕೆಲಸದ ಮೇಜಿಗೆ ಒರಗಿ ನೆಲದ ಮೇಲೆ ಕುಳಿತಿದ್ದ. ಕಾಲುಗಳ ನಡುವೆ ಬಂದೂಕು. ನಳಿಗೆಯ ಬಾಯಿ ಎದೆಗೆ ತಾಗಿತ್ತು. ಎದೆಯ ಎಡಭಾಗದಲ್ಲಿ ಉಳಿದದ್ದು ಹರಿದ ಅಂಗಿ ಮತ್ತು ಮೂಳೆ. ಬೆನ್ನ ಹಿಂದಿನ ಡ್ರಾಯರುಗಳ ಮೇಲೆ, ಗೋಡೆಗೆ ತೂಗುಹಾಕಿದ ಅರಗಳ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಕಣ್ಣುಗಳು ತೆರೆದೇ ಇದ್ದವು.

ಕಡಲಾಚೆಯ ಹೇವರ್ಡ್ ಊರಿನ ಗೋದಾಮುಗಳ ಸಾಲಿನಲ್ಲಿ ಆ ಶೆಡ್ಡು. ಅಲ್ಲಿ ಗೆಳೆಯರಿಬ್ಬರೂ ಸೇರಿ ಹಳೆಯ ಮಿಲಿಟರಿ ಬಂದೂಕುಗಳನ್ನು ಬೇಟೆಗೆ ಹೊಂದಿಸಿ ಮಾರುತ್ತಿದ್ದರು. ನಮ್ಮೂರ ಪೊಲೀಸರ ಹೆಗಲ ಮೇಲೆ ತೂಗಾಡುತ್ತಿದ್ದ ಅದೇ ತ್ರೀ ನಾಟ್ ತ್ರೀ. ಅದಕ್ಕೆ ಹೊಸ ನಳಿಗೆ ಕೂರಿಸಿ, ಕಾಡುಹಂದಿಯನ್ನು ಒಂದೇ ಏಟಿಗೆ ಕೆಡವುವ ದಪ್ಪ ತೋಟಾ ಹಿಡಿಯುವಂತೆ ಮಾಡುವುದು ಶಿವಪ್ರಕಾಶನ ಕೈಚಳಕ. ಸತ್ತದ್ದೂ ಅಂಥದೇ ಬಂದೂಕಿನಿಂದ.

ನಳಿಗೆಯೊಳಗೆ ಒಂದು ಖಾಲಿ ತೋಟಾ. ತೋಟಾ ತುಂಬುವ ಮ್ಯಾಗಜೀನಿನಲ್ಲಿ ಇನ್ನೂ ಹಾರದ ಎರಡು. ಬಂದೂಕಿನ ಮೇಲೆ ಅವನೊಬ್ಬನದೇ ಬೆರಳಚ್ಚು. ಎಡ ಅಂಗೈಯಲ್ಲಿ ಮದ್ದಿನ ಮಸಿ — ನಳಿಗೆಯನ್ನು ತಾನೇ ಎದೆಗೆ ಹಿಡಿದವನಂತೆ.

"ಆತ್ಮಹತ್ಯೆ ಅಂತ ಕಾಣುತ್ತೆ," ಎಂದ ಪೊಲೀಸ್ ಡಿಟೆಕ್ಟಿವ್ ಮೊರೇಲ್ಸ್. ಆದರೆ ಕೇಸು ಮುಚ್ಚಲಿಲ್ಲ. ಫೋಟೋಗಳನ್ನು ಸ್ಯಾನ್ ಮಟಿಯೋದ ನಾಗವ್ವನಿಗೆ ಕಳಿಸಿದ.

ನಾಗವ್ವ ಬೈಲಹೊಂಗಲದವಳು. ಇಲ್ಲಿನ ಅಪರಾಧ ಪ್ರಯೋಗಾಲಯವೊಂದರಲ್ಲಿ ಬಂದೂಕು ಪರೀಕ್ಷಿಸುತ್ತಲೇ ತಲೆ ನರೆಸಿಕೊಂಡು ನಿವೃತ್ತಳಾದವಳು. ಸತ್ತವನ ಹೆಂಡತಿ ಹೇಮಶ್ರೀ ಅವಳ ಮನೆಗೆ ಬಂದು ಅವಳೆದುರು ಸೋಫಾದ ಅಂಚಿನಲ್ಲಿ ಕುಳಿತಳು. ಜೊತೆಗೆ ಅವಳ ಚಿಕ್ಕಪ್ಪನ ಮಗ ಅನುರಾಗ್. ಮೌಂಟನ್ ವ್ಯೂದಲ್ಲಿ ಕೆಲಸ. ಸಾವಾದಾಗಿನಿಂದ ಅವಳಿಗೆ ದಿನವೂ ಊಟ ತಂದುಕೊಡುತ್ತಿದ್ದವನು ಅವನೇ.

"ನಂಗೆ ಒಂದೇ ವಿಷಯ ಗೊತ್ತಾಗ್ಬೇಕು ಮೇಡಂ. ಅವರೇ ಮಾಡ್ಕೊಂಡ್ರಾ? ಅತ್ತೆ ಮಂಡ್ಯದಿಂದ ದಿನಾ ಫೋನ್ ಮಾಡ್ತಾರೆ. ನನ್ ಮಗಂಗೆ ನೀನೇನ್ ಕಮ್ಮಿ ಮಾಡ್ದೆ ಅಂತ ಕೇಳ್ತಾರೆ. ಏನ್ ಹೇಳ್ಲಿ?"

"ಮೇಡಂ ಅನಬ್ಯಾಡವಾ, ಕಚೇರಿಗಿ ಬಂದಂಗ ಅನಸ್ತೈತಿ. ಅಂವಾ ಯಾವಾಗಿಂದ ಮಂಕಾಗಿದ್ದ?"

"ಹೋದ ತಿಂಗಳು ಗುಡ್ಡದ ಕಡೆ ಹಂದಿ ಬೇಟೆಗೆ ಹೋಗಿ ಬಂದಾಗಿಂದ. ಊಟ ಇಲ್ಲ, ನಿದ್ದೆ ಇಲ್ಲ. ಕೇಳಿದ್ರೆ, ಹೇಳ್ತೀನಿ ತಡಿ ಅನ್ನೋರು."

"ಯಾರ ಕೂಡ ಹೋಗಿದ್ದ?"

"ನನ್ ಜೊತೆ ಆಂಟಿ," ಎಂದ ಅನುರಾಗ್. "ಹಂದಿ ಸಿಗ್ಲಿಲ್ಲ, ವಾಪಸ್ ಬಂದ್ವಿ. ಅಷ್ಟೇ."

"ಅವಾಗ ಅದೇ ಗುಡ್ಡದ ಕಡೆ ದನದ ಫಾರ್ಮಿನ ಆಳು ಒಬ್ಬ ಗುಂಡು ಬಿದ್ದು ಸತ್ತಾನಲ್ಲ? ಹೊಡದವರು ಸಿಕ್ಕಿಲ್ಲ. ಪೇಪರಿನ್ಯಾಗ ಓದಲಿಲ್ಲೇನ?"

"ಪೇಪರ್ ಓದೋಕೆ ಟೈಮೆಲ್ಲಿ ಆಂಟಿ! ನೋಡಿ, ಭಾವ ಡಿಪ್ರೆಸ್ ಆಗಿದ್ರು. ಡಾಕ್ಟರ್ ಹತ್ರ ಹೋಗಿ ಅಂತ ಎಷ್ಟು ಸಲ ಹೇಳ್ದೆ. ಅಕ್ಕಾ, ಸಾಕು ಕಣೆ. ಕೆದಕಿದಷ್ಟೂ ನಿಂಗೇ ನೋವು."

"ನೀನೂ ಬಂದೂಕ ಇಟ್ಟೀಯೇನೋ ತಮ್ಮಾ?"

"ನಂದು ಹೊಸ ಮಾಡೆಲ್ಲು. ಭಾವನ ಮ್ಯೂಸಿಯಂ ಪೀಸುಗಳನ್ನ ನಾನು ಮುಟ್ಟಿಲ್ಲ." ಅವನು ನಗಲು ನೋಡಿದ. "ಬೇಕಿದ್ರೆ ನಾಗಾರ್ಜುನನ್ನ ವಿಚಾರಿಸಿ. ಶೆಡ್ಡಲ್ಲಿ ಇಬ್ರಿಗೂ ದಿನಾ ಜಗಳ."



ಮರುದಿನ ಸಂಜೆ ನಾಗವ್ವ ಎಲ್ಲರನ್ನೂ ಶೆಡ್ಡಿಗೆ ಕರೆಸಿದಳು. ಮೊರೇಲ್ಸ್ ಬಾಗಿಲ ಬಳಿ ನಿಂತಿದ್ದ. ಡ್ರಾಯರುಗಳನ್ನು ಒರೆಸಲಾಗಿತ್ತು. ಸಿಮೆಂಟಿನ ಕಲೆ ಹೋಗಿರಲಿಲ್ಲ.

"ಜಗಳ ಯಾಕ?" ನಾಗವ್ವ ನಾಗಾರ್ಜುನನನ್ನು ಕೇಳಿದಳು.

"ಬೇಟೆ ಬಂದೂಕಿನ ಸಹವಾಸವೇ ಬೇಡ, ಅಂಗಡಿ ಮುಚ್ಚಣ ಅಂದ. ತಲೆ ಕೆಟ್ಟಿದ್ಯೇನೋ ಅಂದೆ. ಕಾಲರ್ ಹಿಡ್ಕಂಡೆ. ಹೌದು, ಒಂದು ಏಟೂ ಕೊಟ್ಟೆ."

"ನೋಡಿದ್ರಾ?" ಎಂದ ಅನುರಾಗ್.

"ಏನ್ ನೋಡೋದು? ಹೊಡ್ದೆ ಅಂತ ನಾನೇ ಹೇಳ್ತಾ ಇಲ್ವಾ? ಅವನು ಸತ್ತ ಸಾಯಂಕಾಲ ನೀನೆಲ್ಲಿದ್ದೆ, ಅದನ್ನ ಹೇಳು!"

"ಮನೇಲಿ!"

"ಮನೇಲಿ ಯಾರಿದ್ರು?"

"ಕೋಳಿ ಜಗಳ ಸಾಕು," ಎಂದಳು ನಾಗವ್ವ. ಮೇಜಿನ ಮೇಲೆ ಒಂದು ಬಿಡಿ ಮ್ಯಾಗಜೀನು, ಮದ್ದಿಲ್ಲದ ಮೂರು ತೋಟಾ ಇಟ್ಟಳು. "ಇದರ ಸ್ಪ್ರಿಂಗ್ ಸಡಲಾಗೇತೇನ ನೋಡಬೇಕು. ನನ್ನ ಬೆರಳಿನ್ಯಾಗ ಶಕ್ತಿ ಇಲ್ಲ. ಒಬ್ಬೊಬ್ಬರಾಗಿ ತುಂಬಿ ಕೊಡ್ರಿ."

ನಾಗಾರ್ಜುನ ಅನುರಾಗನನ್ನೇ ದುರುಗುಟ್ಟಿ ನೋಡುತ್ತ ತುಂಬಿದ. ಕೈ ತಾನಾಗಿ ನಡೆಯಿತು. ಒಂದನ್ನು ಒತ್ತಿದ, ಎರಡನೆಯದನ್ನು ಅದಕ್ಕಿಂತ ತುಸು ಮುಂದೆ, ಮೂರನೆಯದನ್ನು ಇನ್ನೂ ಮುಂದೆ. ನಾಗವ್ವ ಅವನ್ನು ತೆಗೆದು ಅನುರಾಗನ ಮುಂದಿಟ್ಟಳು.

ಅನುರಾಗ್ ಚುರುಕಾಗಿ ತುಂಬಿದ. ಒತ್ತುವುದು, ಹಿಂದಿನ ಗೋಡೆಗೆ ತಳ್ಳುವುದು. ಮೂರೂ ಹಾಗೆಯೇ.

"ಸ್ಪ್ರಿಂಗ್ ಚೆನ್ನಾಗೇ ಇದೆ."

"ಹಂಗಾರ ಮ್ಯಾಲಿನದನ್ನ ಮುಂದ ದೂಡು."

ಅವನು ಹೆಬ್ಬೆರಳಿನಿಂದ ದೂಡಿದ. ತೋಟಾ ಕದಲಲಿಲ್ಲ. ಮತ್ತೆ ದೂಡಿದ. ಉಗುರು ಬೆಳ್ಳಗಾಯಿತು.

"ಬರಂಗಿಲ್ಲ," ಎಂದಳು ನಾಗವ್ವ. ಅವಳ ದನಿ ಏರಲಿಲ್ಲ. "ನಿನ್ನ ಹೊಸ ಬಂದೂಕಿನ ತೋಟಾಕ್ಕ ಹೊರಗ ಚಾಚಿದ ಅಂಚಿಲ್ಲ. ಹೆಂಗ ತುಂಬಿದ್ರೂ ನಡೀತೈತಿ. ಇದರ ಬುಡಕ್ಕ ತಾಟಿನಂಗ ಅಂಚು ಐತಿ. ಮ್ಯಾಲಿನದರ ಅಂಚು ಕೆಳಗಿನದರ ಹಿಂದ ಬಿತ್ತಂದ್ರ, ಒಂದಕ್ಕೊಂದು ಸಿಕ್ಕೊಂಡು ಕುಂದರತೈತಿ. ಈ ಕೆಲಸಾ ಮಾಡಾಂವಾ ನಿದ್ದಿಗಣ್ಣಾಗೂ ಹಂಗ ತುಂಬಂಗಿಲ್ಲ."

ಅವಳು ಒಂದು ಫೋಟೋ ಮೇಜಿಗಿಟ್ಟಳು. ಶಿವಪ್ರಕಾಶನ ಬಂದೂಕಿನ ಮ್ಯಾಗಜೀನು. ಉಳಿದ ಎರಡು ತೋಟಾ. ಮೇಲಿನದರ ಅಂಚು ಹಿಂದೆ.

ಮೊರೇಲ್ಸ್ ಒಂದು ಹೆಜ್ಜೆ ಮುಂದೆ ಬಂದ.

"ಅಷ್ಟೇ ಅಲ್ಲ. ಮ್ಯಾಲಿನ ತೋಟಾದ ಬುಡದ ಮ್ಯಾಲ ಈ ಹೊಳಪು ನೋಡ್ರಿ. ಹೊಸಾ ಗೀರು. ತೋಟಾ ಒಳಗ ದೂಡೋ ಬೋಲ್ಟು ಬಂದು ಗುದ್ದೇತಿ. ಒಮ್ಮೆ ಅಲ್ಲ, ಮತ್ತ ಮತ್ತ. ಅಂದ್ರ ಕೈಲೆ ನಳಿಗ್ಯಾಗ ಇಟ್ಟ ಮೊದಲನೇ ಗುಂಡು ಹಾರಿದ ಮ್ಯಾಲ ಯಾರೋ ಖಾಲಿ ತೋಟಾ ಹೊರಗ ಬೀಳಿಸಿ, ಎರಡನೇದನ್ನ ಏರಸಾಕ ನೋಡ್ಯಾರ. ಅದು ಸಿಕ್ಕೊಂಡೈತಿ. ಆಮ್ಯಾಲ ಖಾಲೀದನ್ನ ಹೆಕ್ಕಿ, ತಿರುಗಿ ನಳಿಗ್ಯಾಗ ಇಟ್ಟು, ಮ್ಯಾಲಿನದನ್ನ ಬೆರಳಿಲೆ ಕೆಳಗ ಅದುಮಿ ಬೋಲ್ಟು ಮುಚ್ಚ್ಯಾರ. ಬಂದೂಕ ಒರಿಸಿ ಸತ್ತವನ ಕೈಗಿ ಕೊಟ್ಟಾರ." ಅವಳು ಅನುರಾಗನ ಕಡೆ ತಿರುಗಿದಳು. "ಎದಿ ಒಡದ ಮನಷ್ಯಾ ಎರಡನೇ ಗುಂಡು ಏರಸ್ತಾನೇನೋ?"

"ಇದೆಲ್ಲ ಕಥೆ. ಪ್ರೂಫ್ ಏನಿದೆ?"

"ಬಂದೂಕ ಒರಿಸಿದಿ. ಒಳಗಿದ್ದ ತೋಟಾ ಒರಿಸಲಿಲ್ಲ. ಅದುಮಿದ ಬೆರಳಿನ ಬೆವರು ಅದರ ಮ್ಯಾಲ ಐತಿ. ಲ್ಯಾಬಿನವರು ತಗದು ಇಟ್ಟಾರ. ನಿನ್ನ ಜೊಲ್ಲು ಒಂದ್ ಹನಿ ಕೊಡು, ಡಿಎನ್ಎ ಕೂಡತೈತೇನ ನೋಡತಾರ. ನೀ ಅಲ್ಲಂದ್ರ ನಾನ ಕೈ ಮುಗೀತೀನಿ."

ಅನುರಾಗ್ ಮೇಜಿಗೆ ಬಿಗಿದಿದ್ದ ದೊಡ್ಡ ಇಕ್ಕಳದ ಕಬ್ಬಿಣದ ಹಿಡಿ ಎಳೆದುಕೊಂಡ.

ಮೊದಲ ಏಟು ನಾಗವ್ವನ ತಲೆಗೆ ಬರುತ್ತಿತ್ತು. ನಾಗಾರ್ಜುನ ಅಡ್ಡ ಬಿದ್ದ. ಭುಜದ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಎರಡನೇ ಏಟು ಅವನ ಕಿವಿ ಹರಿಯಿತು. ಮೊರೇಲ್ಸ್ ಹಿಂದಿನಿಂದ ಬಂದು ಅನುರಾಗನನ್ನು ಸಿಮೆಂಟಿಗೆ ಕೆಡವಿದ. ಮುಖ ಕೆಳಗಾಗಿ ಬಿದ್ದ. ಹಲ್ಲು ಮುರಿದು ಬಾಯಿ ತುಂಬ ರಕ್ತ. ಆದರೂ ಕಿರುಚುತ್ತಲೇ ಇದ್ದ.

"ಪೊದೆ ಅಲ್ಲಾಡ್ತು! ಹಂದಿ ಅಂತ ಹೊಡ್ದೆ! ಅಲ್ಲಿ ಮನುಷ್ಯ ಇದ್ದ ಅಂತ ನಂಗೇನ್ ಗೊತ್ತು? ಪೊಲೀಸಿಗೆ ಹೇಳೇ ಹೇಳ್ತೀನಿ ಅಂದ್ರು ಭಾವ! ಕಾಲಿಗೆ ಬಿದ್ದೆ ಅಕ್ಕಾ, ಕೇಳ್ಲಿಲ್ಲ! ನನ್ ಲೈಫೇ ಹೋಗ್ತಿತ್ತು!"

ಕೈಕೋಳ ಬಿತ್ತು. ಅವನನ್ನು ಎಳೆದುಕೊಂಡು ಹೋದರು. ಆಂಬುಲೆನ್ಸು ನಾಗಾರ್ಜುನನನ್ನು ಕರೆದೊಯ್ದಿತು.

ಹೇಮಶ್ರೀ ನಿಂತಲ್ಲೇ ನಿಂತಿದ್ದಳು.

"ಎರಡನೇ ಗುಂಡು ಯಾಕೆ ಬೇಕಿತ್ತು ಅವನಿಗೆ?"

ನಾಗವ್ವ ಅವಳ ಕಡೆ ತಿರುಗಿದಳು. "ಸುಳ್ಳು ಹೇಳ್ಲ್ಯಾ, ಖರೇ ಹೇಳ್ಲ್ಯಾ?"

"ನಿಜ ಹೇಳಿ."

"ಜೀವ ಇನ್ನೂ ಇತ್ತವಾ. ಅಂಗೈ ಮಸಿ ನೋಡಿ ಎಲ್ಲಾರೂ ನಳಿಗಿ ತಾನ ಎದಿಗಿ ಹಿಡಕೊಂಡಾನ ಅಂದ್ರು. ಅಂವಾ ನಳಿಗಿ ಹಿಡದಿದ್ದು ದೂರ ದೂಡಾಕ. ಗುಂಡು ಬಿದ್ದ ಮ್ಯಾಲೂ ಮಿಸುಕಾಡ್ಯಾನ. ಇಲ್ಲಂದ್ರ ಇಂವಾ ಅಷ್ಟು ಅವಸರದಾಗ ಬೋಲ್ಟು ಗುದ್ದತಿರಲಿಲ್ಲ."

"ಬದುಕಬೇಕು ಅಂತ ನೋಡಿದ್ರಾ?"

"ನೋಡ್ಯಾನ."

ಹೇಮಶ್ರೀ ತಲೆಯಾಡಿಸಿದಳು. ಹೊರಗೆ ಬಂದು ಫೋನ್ ತೆಗೆದಳು. ಟ್ರಕ್ಕೊಂದು ಹಿಮ್ಮುಖವಾಗಿ ಬರುತ್ತ ಕೂಗುತ್ತಿತ್ತು. ಮಂಡ್ಯದಲ್ಲಿ ಆಗಷ್ಟೇ ಬೆಳಗಾಗುತ್ತಿತ್ತು. ಎರಡನೇ ರಿಂಗಿಗೇ ಅತ್ತೆ ತಾಯಮ್ಮ ಎತ್ತಿದರು.

"ಅತ್ತೆ, ಅವರು ಮಾಡ್ಕೊಂಡಿದ್ದಲ್ಲ. ಅವರನ್ನ ಕೊಂದಿದಾರೆ. ಕೊಂದಿದಾರೆ ಅತ್ತೆ."

ಶುಭ ಸುದ್ದಿ ಹೇಳುವವಳ ದನಿ ಅದು. ಅವಳಿಗೇ ಅದು ಕೇಳಿಸಿತು. ಆ ಕಡೆ ಬಹಳ ಹೊತ್ತು ಅಳು. ಆಮೇಲೆ ಒಂದು ಪ್ರಶ್ನೆ.

"ಯಾವನವ್ವಾ?"

"ನಮ್ ಚಿಕ್ಕಪ್ಪನ ಮಗ ಅತ್ತೆ," ಎಂದಳು ಹೇಮಶ್ರೀ.