ಏಳು ಹಾಡಿಗೆ ಒಂದೇ ಜಾಗಟೆ

"ಅದನ್ನ ಬಾರಿಸಬೇಡ ಕಣಪ್ಪ," ಎಂದಳು ಒಕ್‌ಬುನ್ ಅಜ್ಜಿ. "ಸತ್ತ ಮುದಾಂಗ್ ಒಬ್ಬಳ ಜಾಗಟೆ ಅದು. ಮೈಮೇಲೆ ದೇವರು ಬರಿಸಿಕೊಳ್ತಿದ್ದವಳು. ಅಂಥವಳು ಹೋದ್ರೆ ಅವಳ ಸಾಮಾನು ಗುಡ್ಡದಲ್ಲಿ ಹೂಳ್ತಾರೆ, ಮನೆಗೆ ತರಲ್ಲ."

ಗ್ಯೂಹೋ ನಕ್ಕ. "ಅಜ್ಜಿ, ನಾನು ಹೆವಿ ಮೆಟಲ್ ಗಿಟಾರ್ ಬಾರಿಸೋನು. ನಮ್ಮ ಗದ್ದಲಕ್ಕೆ ದೆವ್ವಾನೇ ಗಂಟುಮೂಟೆ ಕಟ್ಟುತ್ತೆ."

ಅಜ್ಜಿ ನಗಲಿಲ್ಲ. ಹಂದಿಮೂಳೆ ಸಾರಿನ ಸೌಟು ಹಿಡಿದೇ, ಅವನು ನೆಲಮಾಳಿಗೆಗೆ ಇಳಿಯುವುದನ್ನು ನೋಡುತ್ತ ನಿಂತಳು.

ಗುನ್ಸಾನ್ ಬಂದರಿಗೆ ಅವನು ಬಂದು ತಿಂಗಳಾಗಿತ್ತು. ಅಜ್ಜಿಯ ಊಟದಂಗಡಿಯ ಕೆಳಗಿನ ಬೂಷ್ಟು ಹಿಡಿದ ಕೋಣೆಯಲ್ಲಿ ಆರು ವರ್ಷದ ಕೆಲಸ ಮುಗಿಸುತ್ತಿದ್ದ. ಏಳು ಹಾಡು. ಗಿಟಾರ್, ಬೇಸ್, ಡ್ರಮ್ ಎಲ್ಲ ಅವನೊಬ್ಬನದೇ. ಬೆನ್ನಿಗೆ ಮ್ಯೂಸಿಕ್ ಕಂಪನಿಯಿಲ್ಲ, ಗಾಯಕನಂತೂ ಇಲ್ಲವೇ ಇಲ್ಲ. ಮನುಷ್ಯನ ಬಾಯಿ ಸುಳ್ಳಾಡುತ್ತದೆ, ತಂತಿ ಸುಳ್ಳಾಡುವುದಿಲ್ಲ ಎಂಬುದು ಅವನ ಹಟ.

ಜಾಗಟೆ ಕೊಟ್ಟವನು ಮಾತ್ರ ಗಾಯಕನೇ. ಹಳೆಯ ಬ್ಯಾಂಡಿನ ದೋಇಲ್, ಅವನಿಗಿದ್ದ ಒಬ್ಬನೇ ಗೆಳೆಯ. ಜಾಗಟೆ ದೋಇಲ್‌ನ ಸತ್ತ ದೊಡ್ಡತ್ತೆಯದಂತೆ. ಬಿಸಿ ಅಕ್ಕಿ ಕಡುಬಿನ ಜೊತೆ ತಂದು, ಮೊಬೈಲ್ ಹಿಡಿದು ಎದುರು ಕೂತಿದ್ದ. "ಆಲ್ಬಮ್ ಹೇಗೆ ಹುಟ್ಟಿತು ಅಂತ ವಿಡಿಯೊ ಮಾಡೋಣ ಗುರು. 'ನಾನು ತಗೊಂಡೆ, ಇನ್ಮೇಲೆ ನಂದೇ' ಅನ್ನು. ಇನ್ನೊಂದ್ಸಲ. ಸ್ವಲ್ಪ ನಗ್ತಾ!" ಮೂರು ಸಲ ಹೇಳಿಸಿದ್ದ.

ಗ್ಯೂಹೋ ಜಾಗಟೆಯನ್ನು ಒಮ್ಮೆ ಬಾರಿಸಿ ಧ್ವನಿಮುದ್ರಿಸಿಕೊಂಡ. ಕಂಚು ನರಳಿತು. ಮೇಲೆ ಅಜ್ಜಿಯ ಪಾತ್ರೆಗಳು ಗಿಲಿಗಿಲಿ ಅಂದವು. ಆ ಒಂದು ಪೆಟ್ಟನ್ನೇ ಏಳೂ ಹಾಡಿನ ತಲೆಗೆ ಅಂಟಿಸಿದ.

ಶನಿವಾರ ಮಧ್ಯಾಹ್ನ ಕೊನೆಯ ಸಲ ಕೇಳಲು ಕೂತ. ಮೂರನೇ ಹಾಡು. ಗಿಟಾರುಗಳ ಅಡಿಯಲ್ಲಿ ಯಾರೋ ಗೊಣಗಿದರು. ನಿಲ್ಲಿಸಿದ. ಗಿಟಾರ್ ಒಂದನ್ನೇ ಕೇಳಿದ. ಇಲ್ಲ. ಬೇಸ್. ಇಲ್ಲ. ಡ್ರಮ್. ಜಾಗಟೆ. ಇಲ್ಲ. ಎಲ್ಲ ಸೇರಿಸಿದ. ಇತ್ತು.

ಊದುಬತ್ತಿ ವಾಸನೆ ಬಂತು. ಅವನು ಹಚ್ಚಿರಲಿಲ್ಲ.

ದನಿ ಏರಿಸಿದ. "ನಾನು ತಗೊಂಡೆ, ಇನ್ಮೇಲೆ ನಂದೇ." ಅವನದೇ ದನಿ. ಅವನದೇ ನಗು. ಅದನ್ನು ಹೇಳಿದ್ದು ದೋಇಲ್‌ನ ಮೊಬೈಲಿಗೆ, ಈ ರೆಕಾರ್ಡಿಂಗ್ ಯಂತ್ರಕ್ಕೆ ಅವನು ಎಂದೂ ಮಾತಾಡಿರಲಿಲ್ಲ. ಆಮೇಲೆ ಒಬ್ಬ ಮುದುಕಿ, ಕಿವಿಯ ಪಕ್ಕದಲ್ಲೇ: "ಬಂದೆ." ಹೆಡ್‌ಫೋನ್ ಕಿತ್ತೆಸೆದ. "ಬಂದೆ." ಕರೆಂಟ್ ತೆಗೆದ. "ಬಂದೆ." ತನ್ನ ತುಟಿಗಳು ಅಲ್ಲಾಡುತ್ತಿರುವುದು ಆಗ ತಿಳಿಯಿತು.

ದೋಇಲ್‌ಗೆ ಫೋನ್ ಮಾಡಿದ.

"ನನ್ನ ಮಗಳು ಬೊಮಿಗೆ ಎರಡು ವರ್ಷದಿಂದ ಜ್ವರ ಇಳಿದಿರಲಿಲ್ಲ. ಅತ್ತೆಯ ದೇವರು ಮಗೂನ ಕೇಳ್ತಿತ್ತು. ಬೇರೆ ಯಾರಾದ್ರೂ ನಗ್ತಾ, ಬಾಯಿಬಿಟ್ಟು ತಗೊಂಡ್ರೆ ಮಾತ್ರ ಅದು ಅವರಿಗೆ ದಾಟುತ್ತೆ ಅಂತ ತಿಳಿದವರು ಅಂದ್ರು." ಎಂದ ದೋಇಲ್. "ಇವತ್ತು ಎರಡು ಬಟ್ಟಲು ಅನ್ನ ಉಂಡ್ಲು ಗುರು. ನಿನಗೆ ಹೆಂಡ್ತಿ ಮಕ್ಕಳಿಲ್ಲ..."

"ಆಲ್ಬಮ್ ಇತ್ತಲ್ಲೋ," ಎಂದ ಗ್ಯೂಹೋ. ಫೋನ್ ಕಟ್ಟಾಯಿತು. ಸಾಯುವಷ್ಟು ನೋವಾಯಿತು. ಇಪ್ಪತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡವನು, ಕಡುಬು ತಿನ್ನಿಸಿ ಕತ್ತು ಕೊಯ್ದಿದ್ದ.

ಆಲ್ಬಮ್ ಹೊರಬರಲಿಲ್ಲ. ಗಿಟಾರ್ ಮುಟ್ಟಿದರೆ ಬೆರಳು ಸೆಟೆಯುತ್ತಿತ್ತು. ಜಾಗಟೆಗೆ ಮಾತ್ರ ಕೈ ತಾನಾಗಿ ಏಳುತ್ತಿತ್ತು. ದಿನ ಕಳೆದಂತೆ ಸ್ವಂತ ದನಿ ಸವೆಯಿತು. ತಿಂಗಳಾಗುವಷ್ಟರಲ್ಲಿ ದಿನಕ್ಕೆ ಎರಡು ಮಾತು ಉಳಿದಿದ್ದರೆ ಹೆಚ್ಚು. ಉಳಿದದ್ದೆಲ್ಲ ಮುದುಕಿಯದು.

ಒಂದು ಮಧ್ಯಾಹ್ನ ದೋಇಲ್ ಬಂದು ಮಂಡಿಯೂರಿದ. ಮಗಳನ್ನು ಮೇಲೆ ಅಜ್ಜಿಯ ಹತ್ತಿರ ಕೂರಿಸಿ ಬಂದಿದ್ದ. "ಕ್ಷಮಿಸು ಅನ್ನೋಕೂ ನನಗೆ ಮುಖ ಇಲ್ಲ," ಎನ್ನುವಷ್ಟರಲ್ಲಿ ಹುಡುಗಿ ಮೆಟ್ಟಿಲು ಕುಪ್ಪಳಿಸಿಕೊಂಡು ಇಳಿದಳು. ಕೆಂಪು ಕೆನ್ನೆ, ಬಾಯ್ತುಂಬ ನಗು.

"ಹೇ, ದೊಡ್ಡಜ್ಜಿ ಜಾಗಟೆ! ನಂಗೆ ಕೊಡ್ತೀರಾ ಮಾಮ?"

ಗ್ಯೂಹೋನ ಎರಡೂ ಕೈ ಜಾಗಟೆಯನ್ನು ಎತ್ತಿ ಮುಂದೆ ಚಾಚಿದವು. ಒಳಗೆ ಮುದುಕಿ ಖುಷಿಯಿಂದ ಒದ್ದಾಡಿದಳು. ಕೊಟ್ಟರೆ ಗಿಟಾರ್ ಅವನದು. ಏಳು ಹಾಡು ಅವನವು. ದ್ರೋಹಿಗೆ ತಕ್ಕ ಶಾಸ್ತಿ ಕೂಡ. ಸುಮ್ಮನಿದ್ದರೆ ಸಾಕಿತ್ತು.

"ನಾನು ತಗೊಂಡೆ," ಎಂದಳು ಬೊಮಿ, ನಗುತ್ತ. "ನಾನು ತಗೊಂಡೆ..."

ದೋಇಲ್ ಮಂಡಿಯೂರಿದಲ್ಲಿಂದಲೇ ಮಗಳತ್ತ ಕೈ ಚಾಚಿದ, ಎಟುಕಲಿಲ್ಲ. ಗ್ಯೂಹೋ ಹಲ್ಲು ಕಚ್ಚಿ, ಅಳಿದುಳಿದ ದನಿಯನ್ನೆಲ್ಲ ಗಂಟಲಿಗೆ ತಂದ.

"ಬೇಡ!"

ಹುಡುಗಿ ಬೆಚ್ಚಿ ಕೈ ಹಿಂತೆಗೆದಳು. ದೋಇಲ್ ಅವಳನ್ನು ಬಾಚಿಕೊಂಡು ಮೆಟ್ಟಿಲು ಹತ್ತಿ ಓಡಿದ. ಒಮ್ಮೆ ತಿರುಗಿ ನೋಡುತ್ತಾನೆ ಎಂದು ಗ್ಯೂಹೋ ಕಾದ. ಅವನು ನೋಡಲಿಲ್ಲ.

ಅಜ್ಜಿ ಕೆಳಗಿಳಿದು ಬಂದಳು. ಒಂದು ಬಟ್ಟಲು ಅಕ್ಕಿ ಅವನ ಮುಂದಿಟ್ಟು, ಕಣಿ ಕೇಳುವವಳಂತೆ ಕೈಮುಗಿದು ಕೂತಳು. "ತಪ್ಪು ತಿಳ್ಕೋಬೇಡಪ್ಪ," ಎಂದಳು. "ಸಮುದ್ರಕ್ಕೆ ಹೋದ ನನ್ನ ಮಗ... ಬದುಕಿದ್ದಾನಾ?"

ಗ್ಯೂಹೋ ಬಾಯಿ ತೆರೆದ. ಅವನೊಳಗಿನ ಮುದುಕಿ ಉತ್ತರಿಸಿದಳು.