ಏಳನೆಯ ಬೆಡ್‌ನ ಡಾಕ್ಟರ್

"ಔಷಧಿ ತಡ ಮಾಡಿ ಹುಡುಗನನ್ನ ಕೊಂದೆ ಅಂತಿದ್ದಾರೆ, ಅಕ್ಕಾ. ನಾಳೆ ಮೀಟಿಂಗ್ ಮಾಡಿ ಕೆಲಸದಿಂದ ತೆಗೀತಾರೆ," ಎಂದು ನರ್ಸ್ ಸರಳಾ ಅತ್ತಳು.

ದೆಹಲಿಯ ಜನಕಪುರಿಯ ಈ ಮನೆಗೆ ಇಂಥ ಒಗಟುಗಳು ಬರುವುದು ಹೊಸತಲ್ಲ. ಮನೆಯೊಡತಿ ಮನೋರಮಾ ನಿವೃತ್ತ ಹೆಡ್ ನರ್ಸ್. ಬಾಡಿಗೆದಾರನಾದ ನಾನು ಅವರ ಗುಮಾಸ್ತನಿದ್ದಂತೆ.

ಸತ್ತವನು ಚರಣ್, ಮುನಿರ್ಕಾದಲ್ಲಿದ್ದ ವಿದ್ಯಾರ್ಥಿ. ಕರುಳಿನ ಆಪರೇಷನ್ ಆದ ಮೇಲೆ ರಕ್ತಕ್ಕೆ ನಂಜೇರಿತ್ತು.

"ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಐಸಿಯುನ ಏಳನೇ ಬೆಡ್‌ನ ಅಜ್ಜಿ ತೀರಿಕೊಂಡ್ರು. ಖಾಲಿಯಾಗಿದ್ದು ಅದೊಂದೇ. ಹನ್ನೊಂದೂವರೆಗೆ ಚರಣ್‌ನ ವಾರ್ಡಿಂದ ಐಸಿಯುಗೆ ತಂದ್ರು. ಆ್ಯಂಟಿಬಯೋಟಿಕ್ ಯಾರೂ ಬರೆದಿರಲಿಲ್ಲ. ಸರ್ಜನ್‌ಗೆ ಫೋನ್ ಮಾಡಿದ್ರೆ, 'ಐಸಿಯುಗೆ ಹೋದ ಮೇಲೆ ಅವರನ್ನ ಕೇಳು' ಅಂದ್ರು. ಡ್ಯೂಟಿ ಡಾಕ್ಟರ್, 'ಬೇರೆಯವರ ಪೇಷಂಟಿಗೆ ನಾನು ಬರೆಯೋ ಹಾಗಿಲ್ಲ' ಅಂದ್ರು. ಕೊನೆಗೆ ಸರ್ಜನ್ ಒಪಿಡಿ ಮುಗಿಸಿ ಮೂರಕ್ಕೆ ಬಂದು ಬರೆದ್ರು. ತಕ್ಷಣ ಕೊಟ್ಟೆ."

"ಬೆಡ್ ಪಕ್ಕದ ಬೋರ್ಡಿನಲ್ಲಿ ಅವನ ಡಾಕ್ಟರ್ ಅಂತ ಯಾರ ಹೆಸರಿತ್ತು?" ಮನೋರಮಾ ಕೇಳಿದರು.

"ಖಾಲಿ ಇತ್ತು."

ಸರಳಾ ಫೋನಿನಲ್ಲಿ ಔಷಧಿ ಚೀಟಿಯ ಚಿತ್ರ ತೋರಿಸಿದಳು. ಮೇಲೆ 'ಐಸಿಯು ಬೆಡ್ 7', ಕೆಳಗೆ ಸರ್ಜನ್ ಸಹಿ, ಸಮಯ 10.15. ಮೂರು ಸಲ ಓದಿದೆ. ಸರಳಾಳೇ ಸುಳ್ಳು ಹೇಳುತ್ತಿದ್ದಾಳೇನೋ ಎನ್ನಿಸಿತು. ಹಾಗೆ ಎನ್ನಿಸಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ರೋಹಿಣಿ ಬಡಾವಣೆಯಲ್ಲಿ ಸರಳಾ ಕೆಲಸ ಮಾಡುವ ಖಾಸಗಿ ಆಸ್ಪತ್ರೆಯ ಮ್ಯಾನೇಜರ್ ಕೋಣೆಯಲ್ಲಿ ಎಲ್ಲರೂ ಸೇರಿದರು: ಸರ್ಜನ್ ಸಬರ್ವಾಲ್, ಡ್ಯೂಟಿ ಡಾಕ್ಟರ್ ಅಪೂರ್ವಾ, ಸರಳಾ, ಚರಣ್‌ನ ತಂದೆ ಶಂಕರಪ್ಪ. ಸರಳಾಳ ಪರವಾಗಿ ಮನೋರಮಾ ಅವರೂ ನಾನೂ ಹೋಗಿದ್ದೆವು.

"ಈ ಔಷಧಿ ಚೀಟಿನ ಹತ್ತೂಕಾಲಕ್ಕೆ ವಾರ್ಡಿನಲ್ಲೇ ಬರೆದ್ರಾ, ಡಾಕ್ಟರ್ ಸಾಬ್?" ಮನೋರಮಾ ಹಿಂದಿಯಲ್ಲಿ ಕೇಳಿದರು.

"ಹೌದು. ಪೂರ್ತಿಯಾಗಿ, ನಾನೇ."

"ಅಚ್ಛಾ. ಬೆಡ್ ನಂಬರೂ ನೀವೇ ಬರೆದಿದ್ದೀರಿ. ಹತ್ತೂಕಾಲಕ್ಕೆ ಆ ಬೆಡ್‌ನಲ್ಲಿ ಅಜ್ಜಿ ಇನ್ನೂ ಉಸಿರಾಡ್ತಾ ಇದ್ರು. ಅವರು ಹನ್ನೊಂದಕ್ಕೆ ಸಾಯ್ತಾರೆ, ಆ ಬೆಡ್ಡು ಇವನಿಗೇ ಸಿಗತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಸಬರ್ವಾಲ್ ಕನ್ನಡಕ ತೆಗೆದು ಒರೆಸತೊಡಗಿದರು. "ಮೂರಕ್ಕೇ ಬರೆದೆ," ಎಂದರು ಕೊನೆಗೆ. "ಆದರೆ ತಡವಾಗಿದ್ದು ನನ್ನೊಬ್ಬನಿಂದಲಾ?"

"ಅಲ್ಲ. ಸಮಯ ಸುಳ್ಳು ಬರೆದಿದ್ದು ನೀವು. ಮೂರೂವರೆ ಗಂಟೆ ಕಳೆದಿದ್ದು ಎಲ್ಲರೂ ಸೇರಿ. ಐಸಿಯುಗೇ ಅಂತ ಜವಾಬ್ದಾರಿ ಹೊತ್ತ ಒಬ್ಬ ಡಾಕ್ಟರ್ ಇಲ್ಲಿಲ್ಲ. ನಂಜೇರಿದ ದೇಹ ಒಪಿಡಿ ಮುಗಿಯಲಿ ಅಂತ ಕಾಯಲ್ಲ."

ಮ್ಯಾನೇಜರ್ ಸರಳಾಳ ಮೇಲಿನ ಆರೋಪ ಹಿಂದಕ್ಕೆ ಪಡೆದರು.

"ಮೊದಲೇ ಕೊಟ್ಟಿದ್ರೆ ಉಳೀತಿದ್ನಾ, ತಾಯಿ?" ಶಂಕರಪ್ಪ ಕೇಳಿದರು.

"ಉಳಿಯೋ ಸಾಧ್ಯತೆ ಹೆಚ್ಚಿತ್ತು, ಅಣ್ಣಾ. ಖಂಡಿತ ಅಂತ ಹೇಳಲಾರೆ."

"ಹಾಗಾದ್ರೆ ನಾನು ಯಾರನ್ನ ಕೇಳ್ಲಿ?"

ಹೊರಬರುವಾಗ ಐಸಿಯು ಬಾಗಿಲಿನ ಗಾಜಿನಲ್ಲಿ ಇಣುಕಿದೆ. ಏಳನೆಯ ಬೆಡ್‌ನಲ್ಲಿ ಯಾರೋ ಹೆಂಗಸು ಮಲಗಿದ್ದಳು. ಬೋರ್ಡಿನಲ್ಲಿ ಆಕೆಯ ಹೆಸರಿತ್ತು. ಡಾಕ್ಟರ್ ಹೆಸರಿನ ಜಾಗ ಇನ್ನೂ ಖಾಲಿಯಿತ್ತು.