ತಂಗಿಯ ದನಿ ಮಾರಿದ ಮಾವುತ

ಬಹು ಹಿಂದೆ, ಪ್ರಾಣಿಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಸಂಪಿಗೆಸೀಮೆ ಎಂಬ ರಾಜ್ಯವಿತ್ತು. ಅಲ್ಲಿನ ಪಟ್ಟದಾನೆಗೆ ದುಗ್ಗಣ್ಣನೆಂಬ ತರುಣ ಮಾವುತ. ಅವನಿಗೆ ಇದ್ದದ್ದು ಒಬ್ಬಳೇ ತಂಗಿ, ಹೊನ್ನಾಜಿ. ಅವಳು ಹಸೆಯ ಮುಂದೆ ಹಾಡಿದರೆ ಮದುಮಗಳ ತಾಯಿಯೂ ಅಳು ಮರೆಯುತ್ತಿದ್ದಳು.

ಊರಾಚೆಯ ಗವಿಯಲ್ಲಿ ಮಧುಜಿಹ್ವನೆಂಬ ಮಾಂತ್ರಿಕ ನೀಲಿ ಜೇನು ಕೊಡುತ್ತಿದ್ದ. ಒಂದು ಹನಿ ನಾಲಿಗೆಗೆ ಬಿದ್ದರೆ ನೋವೆಲ್ಲ ಮಾಯ. ಮೊದಲ ಹನಿ ಪುಕ್ಕಟೆ. ಎರಡನೆಯದಕ್ಕೆ ನಿನ್ನ ನಗು. ಮೂರನೆಯದಕ್ಕೆ ನಿನ್ನ ನಿದ್ದೆ. ನಿನ್ನದೇನೂ ಉಳಿಯದಾಗ, ಮನೆಯವರದ್ದು.

ಆನೆ ತುಳಿದ ಕಾಲಿನ ನೋವಿಗೆಂದು ಹೋದ ದುಗ್ಗಣ್ಣ, ಕಾಲು ವಾಸಿಯಾದ ಮೇಲೂ ಹೋದ. ನಗು ಕೊಟ್ಟ, ನಿದ್ದೆ ಕೊಟ್ಟ. ಒಂದು ಬೆಳಿಗ್ಗೆ ಗಡಗಡ ನಡುಗುತ್ತ ತಂಗಿಯ ದನಿಯನ್ನೂ ಕೊಟ್ಟುಬಿಟ್ಟ.

ಮನೆಗೆ ಬಂದರೆ ಹೊನ್ನಾಜಿ ಬಾಯಿ ತೆರೆಯುತ್ತಿದ್ದಾಳೆ, ಸದ್ದಿಲ್ಲ. ಅವಳನ್ನು ವೈದ್ಯರಲ್ಲಿಗೆ ಕರೆದೊಯ್ದವನು ಅವನೇ. "ಹೀಗೇಕಾಯಿತೋ ಗೊತ್ತಿಲ್ಲ" ಎಂದವನೂ ಅವನೇ. ಕಹಿ ಕಷಾಯ ಕುಡಿಯುವಾಗ ತಂಗಿ ಧೈರ್ಯಕ್ಕೆಂದು ಅವನ ಕೈಯನ್ನೇ ಹಿಡಿದುಕೊಂಡಳು. ಭೂಮಿ ಬಾಯ್ಬಿಡಬಾರದೇ ಎನಿಸಿತು ಅವನಿಗೆ.

ದನಿ ಮರಳಿ ತರಲು ಗವಿಗೆ ಹೊರಟ. ಈ ಸಲ ಗವಿಯ ಬಾಗಿಲಲ್ಲಿ ಹೆಬ್ಬಾವು ಅಡ್ಡ ಬಂತು.

"ಏಕೆ ಬಂದೆ?"

"ಸೌದೆಗೆ."

ಹಾವು ಸುತ್ತಿ ಬಿಗಿಯಿತು. ಉಸಿರು ಕಟ್ಟಿತು. "ನಾನು ಜೇನಿಗೆ ಸಿಕ್ಕಿಬಿದ್ದವನು!" ಎಂದ. ಹಾವು ಬಿಟ್ಟಿತು.

ಒಳಗೆ ಹುಲಿ ಕೂತಿತ್ತು.

"ಜೇನು ಬಿಡುತ್ತೇನೆಂದು ಎಷ್ಟು ಸಲ ಆಣೆಯಿಟ್ಟೆ?"

"ಒಂದೇ ಸಲ."

ಹುಲಿ ಎರಡರಷ್ಟು ಬೆಳೆಯಿತು. "ನನಗೇ ನೆನಪಿಲ್ಲ, ಅಷ್ಟು ಸಲ" ಎಂದು ತಲೆ ತಗ್ಗಿಸಿದ. ಹುಲಿ ದಾರಿ ಬಿಟ್ಟಿತು.

ಮೂರನೆಯವನು ಮಧುಜಿಹ್ವನೇ. ಅವನು ನಕ್ಕ. "ದನಿ ಬೇಕೇ? ಮಾರಿದವನು ಯಾರೆಂದು ಊರೆದುರು ಅವಳಿಗೆ ಹೇಳು, ತಾನೇ ಬರುತ್ತದೆ. ಇದುವರೆಗೆ ಯಾರ ಕೈಲೂ ಆಗಿಲ್ಲ. ತಗೋ, ಒಂದು ಹನಿ."

ದುಗ್ಗಣ್ಣ ಅಳುತ್ತ ನಾಲಿಗೆ ಚಾಚಿದ.

ಮೂರು ದಿನ ಆನೆಲಾಯದಲ್ಲಿ ಅಡಗಿದ. ನಾಲ್ಕನೆಯ ಬೆಳಿಗ್ಗೆ ಬಾವಿಕಟ್ಟೆಗೆ ಹೋಗಿ, ನೀರು ಸೇದುತ್ತಿದ್ದ ತಂಗಿಯ ಮುಂದೆ ನಿಂತ. ಊರೆಲ್ಲ ಅಲ್ಲಿತ್ತು.

"ತಂಗೀ, ನಿನ್ನ ದನಿ ಮಾರಿದವನು ನಾನೇ. ಜೇನಿಗಾಗಿ ಮಾರಿದೆ. ಮೊನ್ನೆಯೂ ನೆಕ್ಕಿದೆ."

ಹೊನ್ನಾಜಿಯ ಕೈಯಿಂದ ಹಗ್ಗ ಜಾರಿತು. ಅವಳು ಮುಖ ತಿರುಗಿಸಿದಳು.

ಆಗ ಸೇನಾಪತಿಯ ಹೆಂಡತಿ ಕೊಡ ಇಳಿಸಿದಳು. "ನಮ್ಮವರು ಕೂಸಿನ ನಿದ್ದೆ ಕೊಟ್ಟಿದ್ದಾರೆ. ನಮ್ಮ ಮನೆಯಲ್ಲಿ ಮಾತ್ರ ಹೀಗೆ ಅಂದುಕೊಂಡಿದ್ದೆ."

ಮಠದ ಅಯ್ಯನವರು ಮುಂದೆ ಬಂದರು. "ನಾನು ಕಲಿತದ್ದನ್ನೆಲ್ಲ ಕೊಟ್ಟಿದ್ದೇನೆ." ಸುದ್ದಿ ಕೇಳಿ ಬಂದ ರಾಜ ಕಿರೀಟ ತೆಗೆದು, "ರಾಣಿಯ ನಗು ನಾನೇ ಕೊಟ್ಟೆ" ಎಂದ.

ಒಂದೊಂದು ಬಾಯಿ ತೆರೆದಂತೆ ಗವಿಯಲ್ಲಿ, ಅವರಿಂದ ಪಡೆದದ್ದನ್ನು ಬಚ್ಚಿಟ್ಟಿದ್ದ ಒಂದೊಂದು ಗಡಿಗೆ ಒಡೆಯಿತು. ಮುಚ್ಚಿಟ್ಟ ಮಾತುಗಳಿಂದಲೇ ಬದುಕಿದ್ದ ಮಧುಜಿಹ್ವ ಮೇಣದಂತೆ ಕರಗಿಹೋದ. ಕೊಟ್ಟದ್ದೆಲ್ಲ ಮನೆಮನೆಗೆ ಮರಳಿತು.

ಹೊನ್ನಾಜಿಗೂ ದನಿ ಬಂತು. ಮೊದಲ ಮಾತು, "ಅಣ್ಣಾ, ಇವತ್ತು ನನ್ನ ಮುಖ ನೋಡಬೇಡ."

ಹತ್ತೊಂಬತ್ತು ದಿನ ದುಗ್ಗಣ್ಣ ಜೇನಿಲ್ಲದೆ ಚಾಪೆಯ ಮೇಲೆ ಒದ್ದಾಡಿದ. ಗಂಜಿ ಕುಡಿಸಿದವಳು ಅವಳೇ. ಇಪ್ಪತ್ತನೆಯ ದಿನ ಅವಳೇ ಅವನ ಗಲ್ಲ ಹಿಡಿದು ಮುಖವೆತ್ತಿದಳು.

ಸಂಪಿಗೆಸೀಮೆ ಸುಖವಾಗಿ ಬಾಳಿತು. ಆಸೆ ಮಾತ್ರ ಒಂದೇ ದಿನಕ್ಕೆ ಸಾಯಲಿಲ್ಲ. ಅದು ಕೆರಳಿದಾಗ ದುಗ್ಗಣ್ಣ ಯಾರದಾದರೂ ಮನೆಬಾಗಿಲಲ್ಲಿ ನಿಂತು, "ಇವತ್ತು ನನಗೆ ಬೇಕೆನಿಸುತ್ತಿದೆ" ಎನ್ನುತ್ತಿದ್ದ. ಅವರು ನಗುತ್ತಿರಲಿಲ್ಲ. ಮಣೆ ಹಾಕಿ, ಜೊತೆಗೆ ಕೂರುತ್ತಿದ್ದರು.